ಅಮೆರಿಕದಲ್ಲಿ ಕಾಲೇಜ್ ಫುಟ್‌ಬಾಲ್ ಆಡುವವರ ಬದುಕು ಹೇಗಿರುತ್ತದೆ? ಕೊನೆಗೆ ಅವರು ಏನಾಗುತ್ತಾರೆ?

ನಿಮ್ಮ ಅಕ್ಕನ ಮಗ ಒಹಾಯೋದಲ್ಲಿ ಹತ್ತನೇ ಕ್ಲಾಸು, ಸ್ಕೂಲ್ ಟೀಮಿನಲ್ಲಿ ಕ್ವಾರ್ಟರ್‌ಬ್ಯಾಕ್. ಕಾಲೇಜಿಗೆ ಹೋದರೂ ಫುಟ್‌ಬಾಲೇ ಆಡೋದು ಅಂತ ಹಟ ಹಿಡಿದಿದ್ದಾನೆ, ಇದರಲ್ಲಿ ಬದುಕು ಇದೆಯಾ ಅಂತ ಅಕ್ಕ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ.

ನಾನು ಆಡಿದವನಲ್ಲ. ಕೊಲಂಬಸ್‌ನ ಒಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಮಾಡುವಾಗ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದೆ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗೆ ಆಟಗಾರರೂ ಬರುತ್ತಿದ್ದರು. ಬೇರೆ ಊರಿನಲ್ಲಿ ಮ್ಯಾಚ್ ಇದ್ದರೆ ಶುಕ್ರವಾರ ಬರೋದಿಲ್ಲ ಎನ್ನುವ ಪತ್ರವನ್ನು ಸೆಮಿಸ್ಟರ್ ಶುರುವಿನಲ್ಲೇ ತಂದುಕೊಡುತ್ತಿದ್ದರು. ಆ ಊರಿನಲ್ಲಿದ್ದು ಫುಟ್‌ಬಾಲ್ ಬಗ್ಗೆ ತಿಳಿಯದೆ ಇರೋಕೆ ಆಗುವುದಿಲ್ಲ. ಬದ್ಧ ಎದುರಾಳಿ ಮಿಷಿಗನ್ ಯೂನಿವರ್ಸಿಟಿ ಜೊತೆ ಮ್ಯಾಚ್ ಇರುವ ವಾರ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪಿನಲ್ಲಿ ಅಡ್ಡಗೆರೆ ಹಾಕಿರುತ್ತಾರೆ. ಆ ಮಟ್ಟದ ಹುಚ್ಚು.

ಸರಾಸರಿ ಲೆಕ್ಕ ಬೇಕಾದರೆ ಒಂದೇ ಸಾಲು ಸಾಕು. ಕಾಲೇಜ್ ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಅಂದಾಜಿನ ಪ್ರಕಾರ, ಕಾಲೇಜಿನಲ್ಲಿ ಫುಟ್‌ಬಾಲ್ ಆಡುವ ನೂರು ಜನರಲ್ಲಿ ಇಬ್ಬರೂ ಎನ್‌ಎಫ್‌ಎಲ್, ಅಂದರೆ ಸಂಬಳಕ್ಕೆ ಆಡುವ ವೃತ್ತಿಪರ ಲೀಗ್ ಮುಟ್ಟುವುದಿಲ್ಲ. ಆದರೆ ಈ ಲೆಕ್ಕ ಕೇಳಿ ಹದಿನೈದು ವರ್ಷದ ಹುಡುಗ ಆಟ ಬಿಡುವುದಿಲ್ಲ, ಅಲ್ವಾ? ಅದಕ್ಕೆ ಅವನ ರಾಜ್ಯದವನೇ ಆದ ಒಬ್ಬನ ಬಗ್ಗೆ ಹೇಳುತ್ತೇನೆ. ಜೋ ಬರೋ. ಈಗ ಎನ್‌ಎಫ್‌ಎಲ್‌ನ ದೊಡ್ಡ ಹೆಸರು. ನನಗೆ ಕುತೂಹಲ ಅವನ ಕಾಲೇಜಿನ ಐದು ವರ್ಷಗಳ ಬಗ್ಗೆ. ಅದರಲ್ಲೂ ಅವನು ಆಡದೇ ಇದ್ದ ಮೂರು ವರ್ಷಗಳ ಬಗ್ಗೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ. ಇದು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಒಂದೊಂದು ಕಡೆ ಹನ್ನೊಂದು ಜನ, ನೂರು ಗಜದ ಮೈದಾನ. ಚೆಂಡನ್ನು ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಒಯ್ಯಬೇಕು. ಒಯ್ದರೆ ಮತ್ತೆ ನಾಲ್ಕು ಯತ್ನ. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಪ್ರತಿ ಸಲ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕಾ, ಇನ್ನೊಬ್ಬನ ಕೈಗಿಡಬೇಕಾ, ತಾನೇ ಓಡಬೇಕಾ ಅಂತ ಎರಡು ಮೂರು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ಕೆಜಿಯ ಆಸಾಮಿಗಳು ಅವನ ಮೇಲೆ ನುಗ್ಗಿ ಬರುತ್ತಿರುತ್ತಾರೆ. ಈ ಜಾಗದ ಕಷ್ಟ ಕ್ರಿಕೆಟ್‌ನ ವಿಕೆಟ್ ಕೀಪರ್ ಜಾಗದ ಹಾಗೆ. ಟೀಮಿನಲ್ಲಿ ಒಬ್ಬನಿಗೇ ಜಾಗ. ಧೋನಿ ಇದ್ದಷ್ಟು ಕಾಲ ಉಳಿದ ಕೀಪರುಗಳು ಏನು ಮಾಡಿದರು ಅಂತ ನೆನಪಿಸಿಕೊಳ್ಳಿ.

ಬರೋ ಹುಟ್ಟಿದ್ದು 1996ರ ಡಿಸೆಂಬರ್‌ನಲ್ಲಿ, ಅಯೋವಾದ ಏಮ್ಸ್ ಊರಿನಲ್ಲಿ. ಮನೆತನವೇ ಆಟದ್ದು. ಅಪ್ಪ ಜಿಮ್ ಬರೋ ನೆಬ್ರಾಸ್ಕಾ ಯೂನಿವರ್ಸಿಟಿಗೆ ಆಡಿ, ಆಮೇಲೆ ಕೋಚ್ ಆದವರು. ಇಬ್ಬರು ಅಣ್ಣಂದಿರೂ ನೆಬ್ರಾಸ್ಕಾಗೇ ಆಡಿದವರು. ಅಜ್ಜಿ 1940ರ ದಶಕದಲ್ಲಿ ಮಿಸಿಸಿಪ್ಪಿಯ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದೇ ಮ್ಯಾಚಿಗೆ 82 ಪಾಯಿಂಟ್ ಹೊಡೆದಾಕೆ! ಅಪ್ಪನಿಗೆ ಒಹಾಯೋದ ಅಥೆನ್ಸ್‌ನಲ್ಲಿರುವ ಒಹಾಯೋ ಯೂನಿವರ್ಸಿಟಿಯಲ್ಲಿ ಕೋಚ್ ಕೆಲಸ ಸಿಕ್ಕಿದ್ದರಿಂದ ಜೋ ಬೆಳೆದದ್ದು ಅಲ್ಲಿ. (ಒಹಾಯೋ ಯೂನಿವರ್ಸಿಟಿ ಬೇರೆ, ನಾನು ಓದಿದ ಒಹಾಯೋ ಸ್ಟೇಟ್ ಬೇರೆ. ಗೊಂದಲ ಬೇಡ.) ಅಪಲಾಚಿಯಾ ಬೆಟ್ಟಸಾಲಿನ ಅಂಚು ಅದು. ಕಲ್ಲಿದ್ದಲು ಗಣಿಗಳು ಮುಚ್ಚಿದ ಮೇಲೆ ಬಡತನ ಬೇರುಬಿಟ್ಟ ಸೀಮೆ.

ಅಥೆನ್ಸ್ ಹೈಸ್ಕೂಲಿನಲ್ಲಿ ಅವನು ಹೀರೋ. 2014ರಲ್ಲಿ ಒಹಾಯೋ ರಾಜ್ಯದ ಅತ್ಯುತ್ತಮ ಹೈಸ್ಕೂಲ್ ಆಟಗಾರ ಪ್ರಶಸ್ತಿ ಪಡೆದ. ಸ್ಟೇಟ್ ಫೈನಲ್‌ನಲ್ಲಿ 56-52ರಲ್ಲಿ ಸೋತ. ಆದರೂ ಅಪ್ಪ, ಅಣ್ಣಂದಿರು ಆಡಿದ ನೆಬ್ರಾಸ್ಕಾ ಅವನನ್ನು ಕರೆಯಲಿಲ್ಲ. ಒಹಾಯೋ ಸ್ಟೇಟ್ ಕರೆಯಿತು. ಅಲ್ಲಿಂದ ನಿಜವಾದ ಕಾಲೇಜ್ ಫುಟ್‌ಬಾಲ್ ಬದುಕು ಶುರು.

2015ರಲ್ಲಿ ಬರೋ ಸೇರಿದಾಗ ಒಹಾಯೋ ಸ್ಟೇಟ್ ಆಗಷ್ಟೇ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಆ ಚಾಂಪಿಯನ್‌ಶಿಪ್ಪಿನ ಕಥೆಯೇ ವಿಚಿತ್ರ. ಮೊದಲ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್ ಸೀಸನ್ ಶುರುವಾಗುವ ಮುಂಚೆಯೇ ಭುಜ ಪೆಟ್ಟು ಮಾಡಿಕೊಂಡ. ಎರಡನೆಯವನು ಜೆ.ಟಿ. ಬ್ಯಾರೆಟ್, ಸೀಸನ್ ಪೂರ್ತಿ ಚೆನ್ನಾಗಿ ಆಡಿ ಮಿಷಿಗನ್ ಮ್ಯಾಚಿನಲ್ಲಿ ಕಣಕಾಲು ಮುರಿದುಕೊಂಡ. ಮೂರನೆಯವನು ಕಾರ್ಡೇಲ್ ಜೋನ್ಸ್. ಅವನು ಬಂದು ಮೂರೇ ಮ್ಯಾಚ್ ಆಡಿ ಮೂರನ್ನೂ ಗೆದ್ದ. ವಿಸ್ಕಾನ್ಸಿನ್ ಮೇಲೆ 59-0, ಅಲಬಾಮಾ ಮೇಲೆ 42-35, ಫೈನಲ್‌ನಲ್ಲಿ ಆರೆಗನ್ ಮೇಲೆ 42-20. ಈ ಜೋನ್ಸ್ ಮೊದಲ ವರ್ಷದಲ್ಲಿ ಟ್ವಿಟರ್‌ನಲ್ಲಿ ನಾವು ಬಂದಿರೋದು ಫುಟ್‌ಬಾಲ್ ಆಡೋಕೆ, ಕ್ಲಾಸ್ ಯಾಕೆ ಬೇಕು ಅಂತ ಬರೆದು ದೇಶದ ತುಂಬ ಬೈಸಿಕೊಂಡಿದ್ದ. ಇಂಥ ಮೂವರು ಇದ್ದ ಕಡೆ ಹದಿನೆಂಟರ ಬರೋ ಹೋಗಿ ಸಾಲಿನ ಕೊನೆಗೆ ನಿಂತ.

ಮೊದಲ ವರ್ಷ ರೆಡ್‌ಶರ್ಟ್. ಅಂದರೆ ಟೀಮಿನ ಜೊತೆ ಎಲ್ಲ ತಾಲೀಮು ಮಾಡಬೇಕು, ಆಗಿನ ನಿಯಮದಲ್ಲಿ ಮ್ಯಾಚ್ ಆಡುವಂತಿರಲಿಲ್ಲ. ಒಬ್ಬ ಆಟಗಾರನಿಗೆ ಐದು ವರ್ಷದಲ್ಲಿ ನಾಲ್ಕು ಸೀಸನ್ ಆಡುವ ಅವಕಾಶ ಇತ್ತು. ಮೊದಲ ವರ್ಷ ಹೀಗೆ ಕೂತರೆ ನಾಲ್ಕೂ ಸೀಸನ್ ಕೈಯಲ್ಲೇ ಉಳಿಯುತ್ತಿದ್ದವು. ಒಹಾಯೋ ಸ್ಟೇಟ್‌ನಲ್ಲಿ ಇನ್ನೊಂದು ಪದ್ಧತಿ ಇದೆ. ಹೊಸಬರ ಹೆಲ್ಮೆಟ್ ಮೇಲೆ ಕಪ್ಪು ಪಟ್ಟಿ ಅಂಟಿಸಿರುತ್ತಾರೆ. ತಾಲೀಮಿನಲ್ಲಿ ಯೋಗ್ಯತೆ ತೋರಿಸಿದ ಮೇಲೆ ಎಲ್ಲರ ಮುಂದೆ ಅದನ್ನು ಕಿತ್ತುಹಾಕುತ್ತಾರೆ. ಅಲ್ಲಿಯವರೆಗೆ ನೀವು ಟೀಮಿನವರಲ್ಲ.

ದಿನಚರಿ ಕೇಳಿದ್ದೀರಲ್ಲ, ಹೇಳುತ್ತೇನೆ. ಬೆಳಗ್ಗೆ ಬೆಳಕು ಹರಿಯುವ ಮುಂಚೆ ವೇಟ್ ರೂಮ್. ಆಮೇಲೆ ಕ್ಲಾಸು. ಮಧ್ಯಾಹ್ನ ಕೋಚ್ ಜೊತೆ ಕೂತು ಹಿಂದಿನ ಮ್ಯಾಚಿನ ವಿಡಿಯೋ ನೋಡುವುದು. ಅದನ್ನು ಫಿಲ್ಮ್ ಅಂತಾರೆ. ನಂತರ ಮೈದಾನದಲ್ಲಿ ಪ್ರಾಕ್ಟೀಸ್, ಫಿಸಿಯೋ, ಊಟ. ರಾತ್ರಿ ಟ್ಯೂಟರ್ ಜೊತೆ ಓದು. ಎನ್‌ಸಿಎಎ ನಿಯಮದಲ್ಲಿ ಸೀಸನ್ ಇದ್ದಾಗ ವಾರಕ್ಕೆ 20 ಗಂಟೆ ಮಾತ್ರ ಆಟದ ಕೆಲಸ. ಆದರೆ ಪ್ರಯಾಣ, ಚಿಕಿತ್ಸೆ, ‘ಸ್ವಂತ ಇಷ್ಟದ’ ತಾಲೀಮು ಆ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲ ಸೇರಿಸಿದರೆ ಅದು ಒಂದು ಪೂರ್ತಿ ನೌಕರಿ. ನಮ್ಮ ಕ್ಲಾಸಿನಲ್ಲಿ ಮುಂದಿನ ಬೆಂಚಲ್ಲೇ ಕೂತು, ತಲೆ ಗೋಡೆಗೆ ಆನಿಸಿ ತೂಕಡಿಸುತ್ತಿದ್ದ ಭಾರಿ ಆಳುಗಳನ್ನು ನೋಡಿದ್ದೇನೆ. ಎಬ್ಬಿಸೋಕೆ ಮನಸ್ಸೇ ಬರುತ್ತಿರಲಿಲ್ಲ. ಒಳ್ಳೆ ಮಾರ್ಕ್ಸ್ ತೆಗೆದವರೂ ಅವರಲ್ಲಿ ಇದ್ದರು, ಅದನ್ನೂ ಹೇಳಬೇಕು.

ಬರೋ ಆ ಓದನ್ನು ಬೇಗ ಮುಗಿಸಿದ. ಅವನ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

2016, 2017 ಎರಡೂ ಸೀಸನ್ ಬ್ಯಾರೆಟ್‌ನದ್ದು. ಬರೋಗೆ ಸಿಕ್ಕಿದ್ದು ಗೆದ್ದು ಮುಗಿದ ಮ್ಯಾಚುಗಳ ಕೊನೆಯ ನಿಮಿಷಗಳು. ಎರಡು ವರ್ಷದಲ್ಲಿ ಒಟ್ಟು 39 ಪಾಸ್ ಎಸೆದ, ಅಷ್ಟೇ. 2017ರ ಆಗಸ್ಟ್‌ನಲ್ಲಿ ಪ್ರಾಕ್ಟೀಸ್ ಮಾಡುವಾಗ ಕೈ ಮೂಳೆ ಮುರಿಯಿತು. ಅವನು ಹೊರಗೆ ಕೂತ ಹೊತ್ತಿಗೆ ಎರಡನೇ ಜಾಗಕ್ಕೆ ಡ್ವೇನ್ ಹ್ಯಾಸ್ಕಿನ್ಸ್ ಬಂದ. ಅದೇ ನವೆಂಬರ್‌ನಲ್ಲಿ ಮಿಷಿಗನ್ ಮ್ಯಾಚಿನಲ್ಲಿ ಬ್ಯಾರೆಟ್ ಮೊಣಕಾಲು ನೋವಿನಿಂದ ಹೊರಗೆ ಹೋದಾಗ ಒಳಗೆ ಹೋದವನು ಹ್ಯಾಸ್ಕಿನ್ಸ್. ಹಿಂದೆ ಬಿದ್ದಿದ್ದ ಮ್ಯಾಚನ್ನು 31-20ಕ್ಕೆ ಗೆದ್ದರು. ಕೈ ಮುರಿಯದೇ ಇದ್ದಿದ್ದರೆ ಆ ಮ್ಯಾಚಿಗೆ ಹೋಗುವವನು ಬಹುಶಃ ಬರೋ. ಒಂದು ಮೂಳೆ, ಒಂದು ಮಧ್ಯಾಹ್ನ. ಮುಂದಿನ ವರ್ಷದ ಜಾಗ ಅಲ್ಲೇ ಹೆಚ್ಚುಕಡಿಮೆ ತೀರ್ಮಾನ ಆಗಿತ್ತು.

ಈಗ ನಿಯಮದ ಮಾತು. ಆಗಿನ ಕಾಲಕ್ಕೆ ಒಂದು ಯೂನಿವರ್ಸಿಟಿ ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಸುಮ್ನೆ ಕೂರಬೇಕಿತ್ತು. ಡಿಗ್ರಿ ಮುಗಿಸಿದವರಿಗೆ ಮಾತ್ರ ವಿನಾಯಿತಿ. ಅವರು ಹೋದ ವರ್ಷವೇ ಆಡಬಹುದಿತ್ತು. ಬರೋ ಮೂರೇ ವರ್ಷದಲ್ಲಿ ಫೈನಾನ್ಸ್‌ಗೆ ಸಂಬಂಧಿಸಿದ ಡಿಗ್ರಿ ಮುಗಿಸಿ 2018ರ ಮೇ ತಿಂಗಳಲ್ಲಿ ಪದವಿ ಪಡೆದ. ಕೆಲವೇ ದಿನಗಳಲ್ಲಿ ಬಿಟ್ಟು ಹೋಗುತ್ತೇನೆ ಅಂತ ಹೇಳಿದ. ಕೈಯಲ್ಲಿ ಎರಡು ಸೀಸನ್ ಉಳಿದಿದ್ದವು. ಡಿಗ್ರಿ ಇಲ್ಲದಿದ್ದರೆ ಒಂದು ಸೀಸನ್ ಕೂತೇ ಹೋಗುತ್ತಿತ್ತು. ಅಕ್ಕನಿಗೆ ಈ ಪ್ಯಾರಾ ಓದಿ ಹೇಳಿ.

ಅವನು ಯೋಚಿಸಿದ್ದು ಎರಡು ಕಡೆ: ಸಿನ್ಸಿನಾಟಿ ಯೂನಿವರ್ಸಿಟಿ, ಮತ್ತು ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು. ಆರಿಸಿದ್ದು ಎಲ್‌ಎಸ್‌ಯು. ಬ್ಯಾಟನ್ ರೂಜ್ ಊರು, ಮಿಸಿಸಿಪ್ಪಿ ನದಿ ದಡ, ಒಹಾಯೋದಿಂದ ಹೋದವನಿಗೆ ಬೆವರಿಳಿಸುವ ಸೆಖೆ. ಸ್ಟೇಡಿಯಂನಲ್ಲಿ 1,02,321 ಜನರಿಗೆ ಜಾಗ. ನಮ್ಮ ಚಿನ್ನಸ್ವಾಮಿಯ ಎರಡು ಪಟ್ಟಿಗೂ ಜಾಸ್ತಿ. ಒಂದು ಕಾಲೇಜ್ ಟೀಮಿಗೆ! ಅಲ್ಲಿನ ಕೋಚ್ ಎಡ್ ಆರ್ಜೆರಾನ್, ಗಂಟಲಿನಲ್ಲಿ ಜಲ್ಲಿಕಲ್ಲು ಉರುಳಿದಂಥ ದನಿಯ ಮನುಷ್ಯ.

2018 ಸಾಧಾರಣ ವರ್ಷ. 10 ಗೆಲುವು, 3 ಸೋಲು, 16 ಟಚ್‌ಡೌನ್ ಪಾಸ್. ಟೆಕ್ಸಾಸ್ ಎ ಆ್ಯಂಡ್ ಎಂ ಜೊತೆಗಿನ ಮ್ಯಾಚ್ ಸಮಬಲವಾಗಿ ಏಳು ಓವರ್‌ಟೈಮ್‌ವರೆಗೆ ಎಳೆದು 74-72ಕ್ಕೆ ಸೋತರು. 2019ರ ಹೊಸ ವರ್ಷದ ದಿನ ಸೆಂಟ್ರಲ್ ಫ್ಲೋರಿಡಾ ಯೂನಿವರ್ಸಿಟಿ (ಯುಸಿಎಫ್) ಮೇಲಿನ ಮ್ಯಾಚಿನಲ್ಲಿ, ಅವನು ಎಸೆದ ಚೆಂಡನ್ನು ಎದುರಾಳಿ ಹಿಡಿದು ಓಡಿದ. ಅವನನ್ನು ತಡೆಯಲು ಬರೋ ಹೋದಾಗ ಇನ್ನೊಬ್ಬ ಬಂದು ಗುದ್ದಿದ ಏಟಿಗೆ ನೆಲಕ್ಕೆ ಬಿದ್ದ. ಮುಗೀತು ಅಂದುಕೊಂಡರೆ, ಎದ್ದು ಬಂದು ನಾಲ್ಕು ಟಚ್‌ಡೌನ್ ಎಸೆದು ಗೆಲ್ಲಿಸಿದ. ಆದರೂ ಆ ಹೊತ್ತಿಗೆ ಅವನನ್ನು ಎನ್‌ಎಫ್‌ಎಲ್ ಸರಕು ಅಂತ ಯಾರೂ ಗಂಭೀರವಾಗಿ ನೋಡಿರಲಿಲ್ಲ. ಅಪ್ಪ ಮಾತ್ರ ಆ ಸೀಸನ್ ಮುಗಿದ ಮೇಲೆ ಕೋಚ್ ಕೆಲಸದಿಂದ ನಿವೃತ್ತಿ ತಗೊಂಡರು. ಮಗನ ಕೊನೆಯ ವರ್ಷದ ಮ್ಯಾಚುಗಳನ್ನು ಸ್ಟ್ಯಾಂಡಿನಲ್ಲಿ ಕೂತು ನೋಡಬೇಕು ಅಂತ.

ನೋಡಿದ್ದು ಏನನ್ನು! 2019ರಲ್ಲಿ ಎಲ್‌ಎಸ್‌ಯು ಆಡಿದ 15 ಮ್ಯಾಚನ್ನೂ ಗೆದ್ದಿತು. ಎನ್‌ಎಫ್‌ಎಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಿಂದ ಜೋ ಬ್ರೇಡಿ ಎಂಬ ಚಿಕ್ಕ ವಯಸ್ಸಿನ ಕೋಚ್ ಬಂದು ಪಾಸಿಂಗ್ ಆಟವನ್ನೇ ಬದಲಿಸಿದ್ದ. ಚೆಂಡು ಹಿಡಿಯಲು ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಇದ್ದರು. ಬರೋ 5,671 ಗಜ ಎಸೆದ, 60 ಟಚ್‌ಡೌನ್. ಎದುರಾಳಿ ಹಿಡಿದದ್ದು ಆರು ಮಾತ್ರ. ಒಂದು ಸೀಸನ್‌ನಲ್ಲಿ 60 ಆಗ ದಾಖಲೆ. ಎರಡು ವರ್ಷದ ನಂತರ ಬೇಲಿ ಜ್ಯಾಪಿ 62 ಎಸೆದು ಮುರಿದ. ಅಲಬಾಮಾವನ್ನು ಅವರ ಊರಿನಲ್ಲೇ 46-41ಕ್ಕೆ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಓಕ್ಲಹೋಮಾ ಮೇಲೆ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಎಸೆದ. ನಾನು ಬಾರ್‌ನಲ್ಲಿ ಒಹಾಯೋ ಸ್ಟೇಟ್ ಅಭಿಮಾನಿಗಳ ನಡುವೆ ಕೂತು ನೋಡುತ್ತಿದ್ದೆ. ಇವನು ನಮ್ಮವನಾಗಿದ್ದ ಅಂತ ಒಬ್ಬರಲ್ಲ ಒಬ್ಬರು ಗೊಣಗುತ್ತಲೇ ಇದ್ದರು. 2020ರ ಜನವರಿ 13ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಕ್ಲೆಮ್‌ಸನ್ ಮೇಲೆ 42-25. ಚಾಂಪಿಯನ್.

ಅದಕ್ಕೂ ಒಂದು ತಿಂಗಳು ಮುಂಚೆ ಹೈಸ್‌ಮನ್ ಟ್ರೋಫಿ ಸಿಕ್ಕಿತ್ತು. ವರ್ಷದ ಶ್ರೇಷ್ಠ ಕಾಲೇಜ್ ಆಟಗಾರನಿಗೆ ಕೊಡುವುದು. ಗೆದ್ದ ಅಂತರ ಇತಿಹಾಸದಲ್ಲೇ ದೊಡ್ಡದು. ವೇದಿಕೆ ಮೇಲೆ ಅತ್ತ. ಅತ್ತಿದ್ದಕ್ಕಿಂತ ಅವನು ಆಡಿದ ಮಾತು ಮುಖ್ಯ. ನಮ್ಮ ಕಡೆ ಬಡತನ ದೇಶದ ಸರಾಸರಿಯ ಸುಮಾರು ಎರಡು ಪಟ್ಟು, ಸ್ಕೂಲ್ ಮುಗಿಸಿ ಮನೆಗೆ ಹೋದರೆ ಊಟಕ್ಕಿಲ್ಲದ ಮಕ್ಕಳಿದ್ದಾರೆ, ಅವರಿಗಾಗಿಯೂ ಇಲ್ಲಿ ನಿಂತಿದ್ದೇನೆ ಅಂದ. ಅದನ್ನು ಕೇಳಿದ ಆ ಕಡೆಯವರೊಬ್ಬರು ಅಥೆನ್ಸ್ ಜಿಲ್ಲೆಯ ಉಚಿತ ಆಹಾರ ಕೇಂದ್ರಕ್ಕೆ ಸಾವಿರ ಡಾಲರ್ ಎತ್ತೋಣ ಅಂತ ಫೇಸ್‌ಬುಕ್‌ನಲ್ಲಿ ಶುರು ಮಾಡಿದರು. ಐದು ಲಕ್ಷ ದಾಟಿತು.

ದುಡ್ಡಿನ ವಿಷಯ. ಇಷ್ಟೆಲ್ಲ ಆಡಿದ್ದಕ್ಕೆ ಬರೋಗೆ ಸಂಬಳ ಇರಲಿಲ್ಲ. ಸ್ಕಾಲರ್‌ಶಿಪ್, ವಸತಿ, ಊಟ, ತಿಂಗಳ ಸಣ್ಣ ಖರ್ಚಿಗೆ ಒಂದಿಷ್ಟು. ಅವನ ಹೆಸರಿನ ಜೆರ್ಸಿ ಮಾರಿ ಅವನು ದುಡ್ಡು ಮಾಡುವಂತಿರಲಿಲ್ಲ. ಫೈನಲ್ ಗೆದ್ದ ರಾತ್ರಿ, ಎಲ್‌ಎಸ್‌ಯು ಹಳೆ ಆಟಗಾರ ಓಡೆಲ್ ಬೆಕ್‌ಹ್ಯಾಮ್ ಮೈದಾನಕ್ಕಿಳಿದು ಹುಡುಗರ ಕೈಗೆ ನೋಟು ತುರುಕಿದ್ದು ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. ಮೊದಲು ನಕಲಿ ನೋಟು ಅಂದರು. ಬರೋ ಒಂದು ಪಾಡ್‌ಕಾಸ್ಟ್‌ನಲ್ಲಿ, ಈಗ ನಾನು ಕಾಲೇಜ್ ಆಟಗಾರ ಅಲ್ಲ, ಹೇಳಬಹುದು, ಅಸಲಿ ನೋಟೇ ಅಂದುಬಿಟ್ಟ. ಯೂನಿವರ್ಸಿಟಿ ಬೆಕ್‌ಹ್ಯಾಮ್‌ಗೆ ಎರಡು ವರ್ಷ ಬಾಗಿಲು ಹಾಕಿತು. ಮುಂದಿನ ವರ್ಷ 2021ರಲ್ಲಿ ಅದೇ ಯೂನಿವರ್ಸಿಟಿ ಕೋಚ್ ಆರ್ಜೆರಾನ್ ಅವರನ್ನು ತೆಗೆಯುವಾಗ ಸುಮಾರು 1.7 ಕೋಟಿ ಡಾಲರ್ ಕೊಡಲು ಒಪ್ಪಿತು. ಆಡಿದ ಹುಡುಗನಿಗೆ ನಾಲ್ಕು ನೋಟು ತಪ್ಪು, ಮನೆಗೆ ಹೋಗುವ ಕೋಚ್‌ಗೆ ಕೋಟಿ ಸರಿ. ನನಗೆ ಇದು ಇವತ್ತಿಗೂ ಜೀರ್ಣ ಆಗುವುದಿಲ್ಲ.

ಅದು ಈಗ ಬದಲಾಗಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. 2025ರಿಂದ ಯೂನಿವರ್ಸಿಟಿಗಳೇ ನೇರವಾಗಿ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಆಟ ಸೇರಿ ಒಂದು ಯೂನಿವರ್ಸಿಟಿಗೆ ಸುಮಾರು 2.05 ಕೋಟಿ ಡಾಲರ್. ಯೂನಿವರ್ಸಿಟಿ ಬದಲಿಸಿದರೆ ಕೂರಬೇಕೆಂಬ ನಿಯಮವೂ ಹೋಯಿತು. ಇದರ ಇನ್ನೊಂದು ಮುಖ ನಿಮ್ಮ ಅಕ್ಕನಿಗೆ ತಿಳಿದಿರಬೇಕು. ಈಗ ಕೋಚ್‌ಗಳು ಹೈಸ್ಕೂಲ್ ಹುಡುಗನನ್ನು ಬೆಳೆಸುವ ಬದಲು ಬೇರೆ ಕಡೆ ಆಡಿ ಪಳಗಿದವನನ್ನು ಕರೆತರುತ್ತಾರೆ. 2025ರ ಜನವರಿಯಲ್ಲಿ ಒಹಾಯೋ ಸ್ಟೇಟ್ ಮತ್ತೆ ಚಾಂಪಿಯನ್ ಆದಾಗ ಕ್ವಾರ್ಟರ್‌ಬ್ಯಾಕ್ ಆಗಿದ್ದ ವಿಲ್ ಹೋವರ್ಡ್ ಅಲ್ಲಿಗೆ ಬಂದು ಒಂದೇ ವರ್ಷ ಆಗಿತ್ತು. ಅದಕ್ಕೂ ಮುಂಚೆ ಕ್ಯಾನ್ಸಸ್ ಸ್ಟೇಟ್‌ಗೆ ಆಡುತ್ತಿದ್ದ.

ಇನ್ನು ಕೊನೆಗೆ ಏನಾಗುತ್ತಾರೆ ಅಂದಿರಿ. ಅದಕ್ಕೆ ಆ ಕೊಲಂಬಸ್ ಹುಡುಗರನ್ನೇ ನೋಡಿ. ಡ್ರಾಫ್ಟ್ ಅಂದರೆ ಎನ್‌ಎಫ್‌ಎಲ್ ತಂಡಗಳು ಕಾಲೇಜ್ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು. ಬರೋ 2020ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಸಿನ್ಸಿನಾಟಿ ಬೆಂಗಾಲ್ಸ್‌ಗೆ ಹೋದ. ನಾಲ್ಕು ವರ್ಷಕ್ಕೆ ಸುಮಾರು 3.6 ಕೋಟಿ ಡಾಲರ್. ಮೊದಲ ವರ್ಷವೇ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಮರುವರ್ಷ ತಂಡವನ್ನು ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ವರೆಗೆ ಒಯ್ದು 23-20ಕ್ಕೆ ಸೋತ. 2023ರಲ್ಲಿ ಐದು ವರ್ಷಕ್ಕೆ 27.5 ಕೋಟಿ ಡಾಲರ್‌ನ ಒಪ್ಪಂದ, ಅದೇ ವರ್ಷ ಮಣಿಕಟ್ಟಿಗೆ ಪೆಟ್ಟು. 2024ರಲ್ಲಿ 43 ಟಚ್‌ಡೌನ್ ಎಸೆದು ಲೀಗಿಗೇ ಮೊದಲಿಗ. 2025ರಲ್ಲಿ ಕಾಲ್ಬೆರಳಿಗೆ ಶಸ್ತ್ರಚಿಕಿತ್ಸೆ. ಕೋಟಿ ಎಷ್ಟೋ ಆಪರೇಷನ್ನೂ ಅಷ್ಟೇ ಅನಿಸುತ್ತದೆ.

ಬ್ಯಾರೆಟ್ ಮೂರು ಸಲ ಕ್ಯಾಪ್ಟನ್, ಕಾಲೇಜಿನಲ್ಲಿ 104 ಟಚ್‌ಡೌನ್ ಪಾಸ್. ಡ್ರಾಫ್ಟ್‌ನಲ್ಲಿ ಯಾರೂ ಅವನನ್ನು ಆರಿಸಲಿಲ್ಲ. ಈಗ ಎನ್‌ಎಫ್‌ಎಲ್‌ನಲ್ಲಿ ಕೋಚ್ ಕೆಲಸ ಹಿಡಿದಿದ್ದಾನೆ. ಜೋನ್ಸ್ ಶುರುವಿನಿಂದ ಆಡಿದ 11 ಕಾಲೇಜ್ ಮ್ಯಾಚಿನಲ್ಲಿ ಒಂದೂ ಸೋಲಲಿಲ್ಲ. ಎನ್‌ಎಫ್‌ಎಲ್‌ನಲ್ಲಿ ಸಿಕ್ಕಿದ್ದು ಒಂದೇ ಒಂದು ಲೀಗ್ ಮ್ಯಾಚ್. ಆದರೆ ಕ್ಲಾಸ್ ಯಾಕೆ ಅಂದಿದ್ದವನು 2017ರಲ್ಲಿ ಡಿಗ್ರಿ ಮುಗಿಸಿದ. ಹ್ಯಾಸ್ಕಿನ್ಸ್ ಬರೋನನ್ನು ಹಿಂದೆ ಹಾಕಿ ಆ ಜಾಗ ಗೆದ್ದವನು. 2018ರಲ್ಲಿ 50 ಟಚ್‌ಡೌನ್ ಎಸೆದ, 2019ರ ಡ್ರಾಫ್ಟ್‌ನಲ್ಲಿ 15ನೆಯವನಾಗಿ ವಾಷಿಂಗ್ಟನ್‌ಗೆ ಹೋದ. ಎರಡೇ ವರ್ಷದಲ್ಲಿ ಅವರು ಕೈಬಿಟ್ಟರು. 2022ರ ಏಪ್ರಿಲ್‌ನಲ್ಲಿ ಫ್ಲೋರಿಡಾದ ಹೆದ್ದಾರಿಯಲ್ಲಿ ಟ್ರಕ್ ಡಿಕ್ಕಿ ಹೊಡೆದು ತೀರಿಕೊಂಡ. ಇನ್ನೂ 24 ವರ್ಷ.

ಇವರು ಕೆನೆಪದರ. ಆ ಟೀಮಿನಲ್ಲಿ ಟಿವಿಯಲ್ಲಿ ಹೆಸರು ಬಾರದವರೇ ಹೆಚ್ಚು. ಅವರಲ್ಲಿ ಬಹಳ ಜನ ಹೈಸ್ಕೂಲ್ ಕೋಚ್, ಇನ್ಶೂರೆನ್ಸ್, ಸೇಲ್ಸ್, ರಿಯಲ್ ಎಸ್ಟೇಟ್ ಕಡೆ ಹೋಗುತ್ತಾರೆ. ಒಹಾಯೋದಲ್ಲಿ ಅಂಥವರಿಗೆ ಕೆಲಸ ಕೊಡಲು ಹಳೇ ಅಭಿಮಾನಿಗಳು ಕಾದಿರುತ್ತಾರೆ. ಅದನ್ನು ಕಡೆಗಣಿಸಬೇಡಿ.

ಇನ್ನೊಂದು ವಿಷಯ, ತಲೆ ಪೆಟ್ಟು. 2017ರಲ್ಲಿ ಬಾಸ್ಟನ್ ಯೂನಿವರ್ಸಿಟಿಯ ಸಂಶೋಧಕರು ದಾನವಾಗಿ ಬಂದ ಆಟಗಾರರ ಮೆದುಳು ಪರೀಕ್ಷಿಸಿದಾಗ ಕಾಲೇಜ್ ಮಟ್ಟದವರೆಗೆ ಆಡಿದ 53 ಜನರಲ್ಲಿ 48 ಜನರಿಗೆ ಸಿಟಿಇ ಎಂಬ ಮೆದುಳಿನ ರೋಗದ ಗುರುತು ಸಿಕ್ಕಿತು. ಬದುಕಿದ್ದಾಗ ತೊಂದರೆ ಕಂಡವರ ಮನೆಯವರೇ ಹೆಚ್ಚಾಗಿ ದಾನ ಮಾಡುವುದರಿಂದ ಎಲ್ಲ ಆಟಗಾರರಿಗೂ ಇದೇ ಲೆಕ್ಕ ಹಾಕುವಂತಿಲ್ಲ. ಹಾಗಂತ ಮರೆಯುವಂಥದ್ದೂ ಅಲ್ಲ. ಹುಡುಗ ತಲೆಗೆ ಏಟು ಬಿದ್ದದ್ದನ್ನು ಮುಚ್ಚಿಟ್ಟು ಆಡದ ಹಾಗೆ ಮನೆಯಲ್ಲಿ ಈಗಲೇ ಮಾತಾಗಬೇಕು.

ಆಡಬೇಡ ಅನ್ನಿ ಅಂತ ನಾನು ಹೇಳಲ್ಲ. ಹತ್ತನೇ ಕ್ಲಾಸಿನಲ್ಲಿ ಸ್ಕೂಲ್ ಟೀಮಿನ ಕ್ವಾರ್ಟರ್‌ಬ್ಯಾಕ್ ಆಗಿದ್ದಾನೆ ಅಂದರೆ ಏನೋ ಇದೆ. ಸ್ಕೂಲಿನ ಕೌನ್ಸೆಲರ್ ಹತ್ತಿರ ಕೂತು ಎನ್‌ಸಿಎಎ ಕೇಳುವ 16 ಕೋರ್ ಕೋರ್ಸುಗಳ (ಹೈಸ್ಕೂಲಿನ ಮುಖ್ಯ ವಿಷಯಗಳ) ಪಟ್ಟಿ ತೆಗೆಸಿ. ಡಿವಿಷನ್ 1 ಅಂದರೆ ಮೇಲ್ಮಟ್ಟದಲ್ಲಿ ಆಡಲು ಅವುಗಳಲ್ಲಿ ಕನಿಷ್ಠ 2.3 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಬೇಕು. ನಮ್ಮ ಮನೆಗಳಲ್ಲಿ ಅದು ಕಷ್ಟ ಅಲ್ಲ ಬಿಡಿ. ಕಾಲೇಜಿನ ಕೋಚ್ ಮನೆಗೆ ಬಂದರೆ ಕಾಫಿ ಕೊಟ್ಟು ಮೂರು ಪ್ರಶ್ನೆ ಕೇಳಲಿ. ಇವನ ಜಾಗದಲ್ಲಿ ಮುಂದೆ ಎಷ್ಟು ಜನ ಇದ್ದಾರೆ, ಅವರು ಯಾವ ವರ್ಷದವರು? ಸ್ಕಾಲರ್‌ಶಿಪ್ ಒಂದು ವರ್ಷದ್ದಾ, ನಾಲ್ಕು ವರ್ಷದ್ದಾ? ಪೆಟ್ಟಾದರೆ ಅದು ಉಳಿಯುತ್ತದಾ? ಉತ್ತರವನ್ನು ಬರಹದಲ್ಲಿ ತಗೊಳ್ಳಲಿ.